ದನ ಕುಡಿದ ಮೇಲೆ

ಕೊಂಬೈ

ತಮ್ಮ ಮುತ್ತುಕುಮಾರನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ದೇವರಿಗೆ ಬಿಟ್ಟ ನಮ್ಮ ಕುಲದ ದನಗಳೂ ಚೆನ್ನಾಗಿವೆ.

ನೀನು ತೇನಿಯಿಂದ ಕಳಿಸಿದ ರೆಸಾರ್ಟಿನವರು ಶುಕ್ರವಾರ ಬಂದಿದ್ದರು. ಬೆಟ್ಟದ ಬುಡದ ನಮ್ಮ ಹೊಂಡಕ್ಕೆ ಬೇಲಿ ಹಾಕಬೇಕಂತೆ. ನಾವು ಜಗಳಕ್ಕೆ ಹೋಗಲಿಲ್ಲ. ಹುಣಸೆಮರದ ಹತ್ತಿರ ಚಪ್ಪಲಿ ಬಿಡಿಸಿ ಕೂರಿಸಿದೆವು.

"ಈ ನೀರು ಕೇಳೋರು ಮೊದ್ಲು ಇದನ್ನ ಕುಡೀಬೇಕು ಸಾರ್. ಅದೂ ದನ ಕುಡಿದ ಮೇಲೆ," ಎಂದರು ಮಂದೆ ಕಾಯುವ ಕಾಳಿಮುತ್ತು ಮಾವ.

ಮಂದೆಯೆಲ್ಲ ನೀರಿಗಿಳಿದು, ಕಲಕಿ, ಹೊಟ್ಟೆ ತುಂಬ ಕುಡಿದು ಮೇಲೆ ಬಂತು. ಆ ಕೆಸರು ನೀರನ್ನು ಮೊದಲು ನಾನು ಕುಡಿದೆ. ಆಮೇಲೆ ಊರ ಹೆಂಗಸರೆಲ್ಲ ಕುಡಿದರು. ಬಂದವರಲ್ಲಿ ಒಬ್ಬರೂ ತುಟಿ ಒದ್ದೆ ಮಾಡಿಕೊಳ್ಳಲಿಲ್ಲ. ಕಾರಿನಿಂದ ಬಾಟಲಿ ತರಿಸಿಕೊಂಡು ಕುಡಿದು ಹೊರಟುಹೋದರು. ಬೇಲಿಯಿಲ್ಲದ ಹೊಂಡವನ್ನು ಇಷ್ಟು ತಲೆಮಾರು ಕಾದದ್ದು ಈ ಕಟ್ಟಳೆಯೇ ಅಲ್ಲವೇ?

ಊರಿನವರು ನಿನ್ನ ಹೆಸರೆತ್ತಲಿಲ್ಲ. ನಾನೂ ಎತ್ತಲಿಲ್ಲ.

ನಿನ್ನ ಮಗಳು ಇಂದುಜಾಳ ಕಿವಿ ಚುಚ್ಚಿಸಲು ಬರುವಾಗ ಪೆರಿಯಕುಳಂ ಮಾವಿನಹಣ್ಣು ತಾ. ದನಗಳು ನೀರಿಗಿಳಿಯುವ ಹೊತ್ತಿಗೇ ಬಾ. ಅವಳ ನಾಲಗೆಗೆ ಒಂದು ಹನಿ ಸಾಕು. ನೀನು ಮಾತ್ರ ಬೊಗಸೆ ತುಂಬ ಕುಡಿಯಬೇಕು.

ದಾರಿ ನೋಡುತ್ತಿರುವ ನಿನ್ನ ಅಕ್ಕ,
ನಾಗಮ್ಮ