ಮೀಸೆಗೂ ಮಣ್ಣಿಗೂ

ಮಾರ್ಚ್ 3, ಸಂಜೆ

ಬೂಟು ತೊಳೆದಾಯಿತು. ಕಿವಿ ಇನ್ನೂ ಬಾಕಿ. ನಿನ್ನೆಯ ಮಳೆಗೆ ಟ್ರ್ಯಾಕೆಲ್ಲ ಕೆಸರು. ಅತ್ತಿಗೆ ಮತ್ತೆ ಕೊನೆ.

ಹೆಸರಿಟ್ಟವನು ನಾನೇ. ಲಾಯದಲ್ಲಿ ನಿಂತು ಎಲ್ಲರನ್ನೂ ಆ ಥರ ಕತ್ತೆತ್ತಿ ನೋಡುವ ಕುದುರೆಗೆ ಇನ್ನೇನು ಹೆಸರಿಡಲಿ. ಮುಂದಿನವರು ಎಗರಿಸಿದ ಮಣ್ಣು ಮುಖಕ್ಕೆ ಬಿತ್ತೋ, ಮುಗಿಯಿತು — ಮುಖ ತಿರುಗಿಸಿ ನಡಿಗೆಗೆ ಇಳಿಯುತ್ತಾಳೆ. ನಮ್ಮ ಜಾಕಿ, ಎಲ್ಲರೂ ಚಿಟಿಕೆ ಅನ್ನುವ ಹುಡುಗ, ಮಣ್ಣಿನ ಗೊಂಬೆಯಾಗಿ ವಾಪಸ್ ಬಂದ. ಕಣ್ಣು ಮಾತ್ರ ಕಾಣುತ್ತಿತ್ತು.

ಮಾಲೀಕರು ಹಲ್ಲಿನ ಡಾಕ್ಟರು. "ಇನ್ನೊಂದೇ ಒಂದು ರೇಸ್ ನೋಡೋಣ. ಮೊದಲ ಮೂರರಲ್ಲಿ ಬರ್ಲಿಲ್ಲ ಅಂದ್ರೆ ಮಾರಿಬಿಡೋಣ. ಬೀಚಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಸುತ್ಲಿ" ಅಂದರು. ಹಲ್ಲು ಕೀಳುವ ದನಿಯಲ್ಲೇ.

ಮರಿಯಿಂದ ಸಾಕಿ, ಓಟ ಕಲಿಸಿದ ಟ್ರೈನರ್ ನಾನು.

ಮಾರ್ಚ್ 4

ಅಣ್ಣನ ಫೋನ್. ಬೇಜಾರಲ್ಲಿದ್ದೆ, "ಅತ್ತಿಗೆನ ಮಾರಿಬಿಡ್ತಾರಂತೆ ಕಣೋ" ಅಂದೆ. ಆ ಕಡೆ ಅಣ್ಣ ದನಿ ತಗ್ಗಿಸಿ, "ಯಾರಾದ್ರೂ ತಗೊಳ್ತಾರಾ?" ಅಂದ.

ಮಾರ್ಚ್ 9

ಕ್ಲಬ್ ಮೀಟಿಂಗ್. ಮಣ್ಣು ತೆಗೆದು ಸಿಂಥೆಟಿಕ್ ಟ್ರ್ಯಾಕ್ ಹಾಕುತ್ತಾರಂತೆ, ಅಲ್ಲಿವರೆಗೆ ರೇಸ್ ಇಲ್ಲ. ಸೆಕ್ರೆಟರಿ ಡಬ್ಬಿಯಲ್ಲಿ ಸ್ಯಾಂಪಲ್ ತಂದಿದ್ದರು — ಮರಳು, ಮೇಣ, ರಬ್ಬರ್ ಚೂರು, ಕಾರ್ಪೆಟ್ ದಾರ. ಮಳೆ ಬಂದರೂ ಕೆಸರಾಗಲ್ಲ, ಕಾಲಿಗೂ ಮೆತ್ತಗಂತೆ. ನಮ್ಮ ಮನೆ ಸೋಫಾದಡಿ ಗುಡಿಸಿದರೆ ಇಷ್ಟೇ ಸಿಗುತ್ತದೆ ಅಂದೆ. ಎಲ್ಲರೂ ನಕ್ಕರು. ನಕ್ಕಿದ್ದೇ ತಪ್ಪಾಯಿತು, ನನಗೆ ಹುರುಪು ಬಂತು. ಎದ್ದು ನಿಂತು, "ಇದರ ಮೇಲೆ ನನ್ನ ಕುದುರೆ ಗೆದ್ರೆ ಅರ್ಧ ಮೀಸೆ ಬೋಳಿಸ್ಕೋತೀನಿ" ಅಂದುಬಿಟ್ಟೆ.

ಮಾತಿಗೆ ಅನ್ನುವ ಮಾತು. ಎಲ್ಲರೂ ಅನ್ನುತ್ತಾರೆ. ಸೆಕ್ರೆಟರಿ ಮಾತ್ರ ಪೆನ್ನು ತೆಗೆದು, "ಸೂಚಿಸಿದವರು ನೀವು. ಅನುಮೋದಿಸೋರು ಯಾರು?" ಅಂದರು. ಇಡೀ ಸಭೆ ಕೈ ಎತ್ತಿತು.

ಜೂನ್ 21

ಹೊಸ ಟ್ರ್ಯಾಕ್ ರೆಡಿ. ನಡೆದು ನೋಡಿದೆ. ಧೂಳಿಲ್ಲ, ವಾಸನೆ ಇಲ್ಲ, ಏನೂ ಇಲ್ಲ. ಇದನ್ನು ನೆಲ ಅನ್ನುತ್ತಾರಾ.

ಮನೆಯಲ್ಲಿ ಹೆಂಡತಿ ಕಾಲೊರಸಿನ ಮುಂದೆ ಕೂತು ರಬ್ಬರ್ ಚೂರು ಕೀಳುತ್ತಿದ್ದಳು. "ಮಣ್ಣಾದ್ರೆ ಗುಡಿಸಿದ್ರೆ ಹೋಗ್ತಿತ್ತು. ಇದು ನಿಮ್ಮ ಥರ, ಅಂಟ್ಕೊಂಡ್ರೆ ಬಿಡಲ್ಲ." ಖುಷಿಯಾಯಿತು. ನನ್ನ ಪಕ್ಷಕ್ಕೆ ಒಬ್ಬಳಾದರೂ ಬಂದಳು.

ಜೂನ್ 24, ಬೆಳಿಗ್ಗೆ

ಅತ್ತಿಗೆ ಮೂಸಿ ನೋಡಿದಳು. ಕಾಲಿಟ್ಟಳು. ಹೊರಟಳು.

ಮುಂದೆ ಕುದುರೆಗಳಿದ್ದರೂ ಮುಖ ತಿರುಗಿಸಲಿಲ್ಲ... ಮುಖಕ್ಕೆ ಏನೂ ಹಾರಲೇ ಇಲ್ಲ. ಚಿಟಿಕೆ ಲಕಲಕ ಹೊಳೆಯುತ್ತಾ ಬಂದ. ಗಲ್ಲದ ಮೇಲೆ ಮಚ್ಚೆ ಇದೆ ಅವನಿಗೆ, ಇವತ್ತೇ ಗೊತ್ತಾಗಿದ್ದು.

"ಸರ್, ಇವಳಿಗೆ ಓಡೋಕೆ ಬರತ್ತೆ ಸರ್."

"ಯಾರಿಗೂ ಹೇಳ್ಬೇಡ" ಅಂದೆ. ಕೈ ತಾನಾಗಿ ಮೀಸೆ ಮೇಲೆ ಹೋಗಿತ್ತು.

ಜೂನ್ 30

ಲೆಕ್ಕ ಹಾಕಿದೆ. ಡಾಕ್ಟರಿಗೆ ಮೊದಲ ಮೂರು ಸಾಕು. ಮೀಸೆ ಹೋಗುವುದು ಗೆದ್ದರೆ ಮಾತ್ರ. ಅಂದರೆ ಎರಡನೇ ಸ್ಥಾನ! ಇಷ್ಟು ಮರ್ಯಾದಸ್ಥ ಸ್ಥಾನ ಇನ್ನೊಂದಿಲ್ಲ. ಆದರೆ ಗೆಲ್ಲಬೇಡ ಅಂತ ಜಾಕಿಗೆ ಹೇಳುವ ಹಾಗಿಲ್ಲ. ಹೇಳಿದರೆ ಲೈಸೆನ್ಸ್ ಹೋಗುತ್ತದೆ, ಮುಖವೂ ಹೋಗುತ್ತದೆ. ಕುದುರೆಗೇ ಅರ್ಥವಾಗಬೇಕು.

ಹೆಂಡತಿಗೆ ಹೇಳಿಕೊಂಡೆ. "ಆ ಮೀಸೆ ಯಾರಿಗೆ ಬೇಕಾಗಿದೆ?" ಅಂದಳು. ಮದುವೆಯಾದಾಗಿನಿಂದ ಇದೇ ಮೀಸೆ ನೋಡಿಕೊಂಡು ಬಂದವಳು. ಮನಸ್ಸಿಗೆ ತುಂಬಾ ನೋವಾಯಿತು.

ಜುಲೈ 5, ಸಂಜೆ

ರೇಸ್. ಸುರಿಯುವ ಮಳೆ. ತಿರುವಿನಲ್ಲಿ ಅತ್ತಿಗೆ ಐದನೆಯವಳು. ಆಮೇಲೆ ಮೂರು. ಎರಡು. ಸಾಕಮ್ಮಾ, ಅಲ್ಲೇ ಇರು, ಅಂದುಕೊಂಡೆ. ಅಷ್ಟರಲ್ಲಿ ಯಾರೋ ಗಂಟಲು ಹರಿಯುವ ಹಾಗೆ "ನುಗ್ಗು ಅತ್ತಿಗೇ, ನುಗ್ಗು!" ಅಂತ ಕೂಗುತ್ತಿದ್ದರು. ಯಾರಪ್ಪಾ ಅಂತ ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಗೆದ್ದಳು. ಕುತ್ತಿಗೆಯಷ್ಟು ಅಂತರ.

ಅತ್ತುಬಿಟ್ಟೆ. ಅದನ್ನು ಬರೆಯಲು ನಾಚಿಕೆಯಿಲ್ಲ. ಡಾಕ್ಟರು ಇದ್ದಬದ್ದ ಹಲ್ಲೆಲ್ಲ ತೋರಿಸಿ, "ಮಾರೋದಾ? ಯಾರು ಹೇಳಿದ್ದು?" ಅಂದರು. ಸೆಕ್ರೆಟರಿ ಪ್ಲಾಸ್ಟಿಕ್ ಹಿಡಿಯ ರೇಜರ್ ಕೊಟ್ಟು, "ಕ್ಲಬ್ ವತಿಯಿಂದ. ಇದೂ ಸಿಂಥೆಟಿಕ್ಕೇ" ಅಂದರು.

ಜುಲೈ 6, ಬೆಳಿಗ್ಗೆ

ಮೊದಲು ಲಾಯಕ್ಕೆ ಹೋಗಿ ಬಂದೆ. ಅತ್ತಿಗೆ ಮೀಸೆ ಮೂಸಿದಳು, ಕಡೆಯ ಸಲ.

ಕನ್ನಡಿ. ಸೋಪು. ಎಡಗಡೆ ಹೋಯಿತು. ಹೆಂಡತಿ ನೋಡಿ ನಕ್ಕು ನಕ್ಕು ನೆಲಕ್ಕೇ ಕೂತಳು. "ಇನ್ನರ್ಧಾನೂ ತೆಗೀರಿ, ಹೀಗೇ ಹೊರಗೆ ಹೋಗ್ತೀರಾ?" ಕೊಟ್ಟ ಮಾತು ಅರ್ಧಕ್ಕೆ, ಅಂದೆ.

ಅಷ್ಟರಲ್ಲಿ ಡಾಕ್ಟರು ಬಾಗಿಲಲ್ಲಿ. ಪಕ್ಕದೂರಲ್ಲಿ ಮುಂದಿನ ವಾರ ರೇಸಂತೆ, ಮಣ್ಣಿನ ಟ್ರ್ಯಾಕು. ಅತ್ತಿಗೆಯ ಹೆಸರು ಕೊಟ್ಟೇ ಬಂದಿದ್ದಾರೆ. "ಅಲ್ಲೂ ಗೆಲ್ತಾಳೆ, ನೋಡ್ತಿರಿ."

ರೇಜರ್ ಕೈಯಲ್ಲೇ ಇತ್ತು. ಹುರುಪು ಬಂತು. "ಸಾರ್, ಮಣ್ಣಲ್ಲಿ ಇವಳೇನಾದ್ರೂ ಗೆದ್ರೆ ಉಳಿದರ್ಧಾನೂ—" ಅನ್ನುವಷ್ಟರಲ್ಲಿ ಹೆಂಡತಿ ಟವೆಲ್ ತಂದು ನನ್ನ ಬಾಯಿಗೆ ತುರುಕಿದಳು.