ಹಾಲುಕ್ಕಿಸಿದ ಮನೆ

ರೂಪನ ಅವ್ವನಿಗೆ,

...ಹಂಗಾಗಿ ನಿನ್ನ ತಮ್ಮ ಚಂದ್ರನ ಮೇಲೆ ನನಗೆ ಸಿಟ್ಟಿಲ್ಲ ಅಂತ ನಿನ್ನೆ ಮನಸ್ಸಲ್ಲೇ ನಿನಗೆ ಹೇಳ್ತಿದ್ದೆನಲ್ಲ, ಅದು ನಿನ್ನ ಸಮಾಧಾನಕ್ಕೆ ಹೇಳಿದ್ದು. ಸೋಮನಹಳ್ಳಿಯಲ್ಲಿ ಅವನು ಕಟ್ಟಿಸಿದ ಈ ಹೊಸ ಮನೆಯ ಗೋಡೆ ಮೇಲಿರೋದು ನಿನ್ನ ಫೋಟೋ ಒಂದೇ. ಅದನ್ನು ಇಳಿಸಿಕೊಂಡು ಹೋಗೋಕೆ ಬಂದವನು, ಕೂತು ಬರೀತಿದ್ದೀನಿ.

ಮಗಳು ಬಾಡಿಗೆ ಮನೆ ಬದಲಾಯಿಸಿದಾಗಲೆಲ್ಲ ನೀನು ಅವಳ ಒಳಕಲ್ಲು ಸವರಿ ಹೇಳ್ತಿದ್ದುದು ನೆನಪಿದೆಯಾ? "ಇದುನ್ನ ಒಂದ್ ಕಡೆ ಕೂರ್ಸು ಕಣಮ್ಮ, ನಾನ್ ಕಣ್ಮುಚ್ಚೋದ್ರೊಳಗೆ." ಆಗಲಿಲ್ಲ. ಅಳಿಯ ಮಹೇಶ ಗೆಜ್ಜಲಗೆರೆ ಫ್ಯಾಕ್ಟರಿಯಲ್ಲಿ ಎಷ್ಟು ಓಟಿ ಮಾಡಿದರೂ ಮನೆ ಬೆಲೆ ಅವನಿಗಿಂತ ಮುಂದೆ ಓಡೋದು. ಕೊನೆಗೆ ಚಂದ್ರ ಇಲ್ಲಿ ಒಂದು ಸಾಲು ಮನೆ ಎಬ್ಬಿಸಿದ. ಅಕ್ಕನ ಮಗಳಲ್ಲವೇ, ಬೆಲೆ ಬಾಯಿಮಾತಲ್ಲೇ ಆಯಿತು. ಮೊದಲ ಮನೆ ಕೊಳ್ಳೋರಿಗೆ ಸರ್ಕಾರ ಕೊಡೋ ಸಬ್ಸಿಡಿ ಬಂದರೆ ಬ್ಯಾಂಕಿನ ಕಂತು ಹೆಂಗೋ ಎಳೆಯಬಹುದು ಅನ್ನೋ ಧೈರ್ಯದ ಮೇಲೆ ಒಪ್ಪಿದ್ದು.

ಆಷಾಢ ಹತ್ತಿರ ಬಂತು. ರಿಜಿಸ್ಟ್ರೇಷನ್ ಆಮೇಲಾಗಲಿ, ಮೊದಲು ಹಾಲುಕ್ಕಿಸಿಬಿಡಿ ಅಂದ ಚಂದ್ರ. ಉಕ್ಕಿಸಿದೆವು. ಹಾಲು ಮೂಡಲಿಗೇ ಉಕ್ಕಿತು. ರೂಪ ಅವತ್ತೇ ಗಾರೆಯವರನ್ನು ಕರೆಸಿ, ಅಡುಗೆಮನೆ ಮೂಲೆಯಲ್ಲಿ ಸಿಮೆಂಟು ಹಾಕಿಸಿ ಒಳಕಲ್ಲು ಕೂರಿಸಿದಳು. ನಿನ್ನ ಫೋಟೋಗೆ ಮೊಳೆ ಹೊಡೆದವನು ನಾನೇ.

ಸಬ್ಸಿಡಿ ಮಂಜೂರಾದ ದಿನ ಮಹೇಶ ಸ್ವೀಟು ತಂದು ಮೊದಲು ಕೊಟ್ಟದ್ದು ನಿನ್ನ ತಮ್ಮನ ಕೈಗೆ. ತಿಂದ, ಬಾಯಿ ಒರೆಸಿಕೊಂಡ, ಸಬ್ಸಿಡಿ ಎಷ್ಟೋ ಅಷ್ಟನ್ನೂ ಬೆಲೆಗೆ ಸೇರಿಸಿದ.

"ನಿಮ್ ಕೈಯಿಂದ ಏನೋಯ್ತದೆ ಬಾವ? ಗೌರ್ಮೆಂಟು ಕೊಡ್ತದಲ್ಲ."

"ಅದು ನಿಂಗ್ ಕೊಡದೇನ್ಲಾ? ಮಗೀಗೆ ಕಣ್ಲಾ!"

"ಸಬ್ಸಿಡಿ ಬಂತು ಅಂದೇಟ್ಗೆ ಎಲ್ರೂ ಮನೆ ಕೇಳ್ತಾವ್ರೆ. ಸೈಟಿನೋನು, ಇಟ್ಗೆಯೋನು, ಎಲ್ಲಾ ಏರ್ಸವ್ರೆ. ನಾನೊಬ್ನೇ ಧರ್ಮಛತ್ರ ಮಡಗಿದ್ದೀನಾ?" ಆಮೇಲೆ ದನಿ ತಗ್ಗಿಸಿದ. "ಆಲುಕ್ಸಿದ್ ಮನೆ ಬುಟ್ಟು ಓಯ್ತೀರಾ? ಮುತ್ತೈದೆಗೆ ಒಳ್ಳೇದಲ್ಲ ಬಾವ."

ಮಂಡ್ಯದ ಕಾಲೇಜಿನಲ್ಲಿ ಎಕನಾಮಿಕ್ಸ್ ಮೇಷ್ಟ್ರು ಬೋರ್ಡಿನ ಮೇಲೆ ಗೆರೆ ಎಳೆದು ಹೇಳಿದ್ದು ಆಗ ನೆನಪಾಯಿತು. ಡಿಮ್ಯಾಂಡು ಏರಿ ಸಪ್ಲೈ ಅಷ್ಟೇ ಇದ್ದರೆ ಪ್ರೈಸು... ಅದರ್ ಥಿಂಗ್ಸ್ ರಿಮೇನಿಂಗ್... ಸೇಮೋ, ಈಕ್ವಲ್ಲೋ, ಮರೆತೆ. ಯಾವುದು ಇದ್ದಂಗೇ ಉಳೀತು ಹೇಳು? ಮನೆಗಳು ಹೆಚ್ಚಾಗದೆ ಕೊಳ್ಳೋರಿಗೆ ಮಾತ್ರ ದುಡ್ಡು ಕೊಟ್ಟರೆ ಅದು ಅವರ ಕೈಯಲ್ಲಿ ನಿಲ್ಲುತ್ತದಾ? ಸಬ್ಸಿಡಿ ಸಿಗದವರಿಗೂ ಈಗ ಇದೇ ಬೆಲೆ. ಅವರು ಎಲ್ಲಿಗೆ...

ನಿನ್ನೆ ರೂಪ ಚಂದ್ರನ ಮನೆ ಬಾಗಿಲಲ್ಲೇ ನಿಂತು ಮಾತು ಮುಗಿಸಿದಳು. "ಆಲು ಉಕ್ಕಿದ್ದು ನಮ್ಮವ್ವನ ಪಾತ್ರೇಲಿ ಕಣ್ ಮಾವ, ನಿನ್ ಗೋಡೇಲಲ್ಲ. ಬೀಗದ ಕೈ ನಾಳೆ ಸಂಜೆ ಅಪ್ಪ ಕೊಡ್ತದೆ." ನೀನೇ ಮಾತಾಡಿದಂಗಿತ್ತು. ದಾರಿಯುದ್ದಕ್ಕೂ ಅವಳು ಸೆರಗು ಬಾಯಿಗೆ ಒತ್ತಿಕೊಂಡೇ ಬಂದಳು. ಮತ್ತೆ ಮದ್ದೂರಿನ ಬಾಡಿಗೆ ಮನೆಗೇ. ಅದರ ಓನರೂ ಬಾಡಿಗೆ ಏರಿಸ್ತೀನಿ ಅಂದವ್ನೆ.

ಫೋಟೋ ಇಳಿಸಿದೆ. ಒಳಕಲ್ಲೂ ತಗೊಂಡು ಬತ್ತೀನಿ ಅಂತ ಮಗಳಿಗೆ ಹೇಳಿ ಬಂದಿದ್ದೆ. ಹಾರೆ ಹಾಕಿದೆ, ಮೀಟಿದೆ. ಕಲ್ಲಿನ ಅಂಚು ಸೀಳು ಬಿಟ್ಟಿತೇ ಹೊರತು ಅದು ಏಳಲಿಲ್ಲ. ನೀನು ಕೇಳಿದಂಗೇ ಕೂರಿಸಿದ್ದಾಳೆ ಕಣೇ, ಭದ್ರವಾಗಿ. ನಾಳೆ ಬೇರೆ ಯಾರೋ ಸಬ್ಸಿಡಿಯವರು ಇಲ್ಲಿ ಹಾಲುಕ್ಕಿಸ್ತಾರಂತೆ. ಮಗಳಿಗೆ ಏನು ಹೇಳಲಿ?

ಈ ಮನೆಗಿನ್ನೂ ಕರೆಂಟು ಕೊಟ್ಟಿಲ್ಲ. ಅಕ್ಷರ ಕಾಣ್ತಿಲ್ಲ, ಬೆಳಕು ಹೋಗ್ತಾ ಇದೆ