ಬಾಗಿಲಿಂದ ಎಣಿಸಿದ ನಂಬರುಗಳು

ಬ್ಯಾಡಗಿ,
ಮಂಗಳವಾರ, 14-3-1995

ಮಗಳು ಮಹಮೂದಾಗ ನಿನ್ನ ಮಾಮು ಅಬ್ದುಲಗನಿಯ ಸಲಾಂ, ತಲಿತುಂಬ ದುವಾ.

ಹ್ಯಾಂಗಿದಿ? ಪುಣೆದ ನೀರಿಗೆ ನಿನ್ನ ಕೂದಲಾ ಉದರಾಕತ್ತಾವಂತ ನನ್ನ ತಂಗಿ, ಅಂದ್ರ ನಿಮ್ಮ ಅಮ್ಮಾ, ಮೂರು ಸಲ ಹೇಳಿದಳು. ಎಣ್ಣಿ ಹಚ್ಚವಾ, ಓದಿದವರ ತಲಿಗೂ ಎಣ್ಣಿ ಬೇಕಾಗತೈತಿ. ಆಕಿ ಮೊಣಕಾಲು ಈಗ ಪಾಡ ಐತಿ. ರಂಜಾನ್ ಹಬ್ಬಕ್ಕ ನೀ ಬರಲಿಲ್ಲಂತ ನಿನ್ನ ಪಾಲಿನ ಸುರಕುಂಬಾ ಇಟ್ಟುಕೊಂಡು ಕುಂತಿದ್ದಳು. ಅದು ಹಳಸಬಾರದಂತ ನಾನ ಕುಡದೆ, ಎರಡು ಬಟ್ಟಲ. ನಿನ್ನ ಮ್ಯಾಲಿನ ಪ್ರೀತಿಗೆ ಅಷ್ಟೂ ಮಾಡಲಿಲ್ಲಂದ್ರ ಹ್ಯಾಂಗ?

ಇಲ್ಲಿ ಮೆಣಸಿನಕಾಯಿ ಸುಗ್ಗಿ ಜೋರೈತಿ. ಪ್ಯಾಟಿಗೆ ಹೋಗಿ ಬಂದವರೆಲ್ಲಾ ಸೀನಕೋಂತನ ಮಾತಾಡತಾರ. ನಮ್ಮ ಕೋಲ್ಡ್ ಸ್ಟೋರೇಜಿನ ಎಂಟೂ ಖೋಲಿ ತುಂಬ್ಯಾವ. ಇದರ ಪೈಪು ಜೋಡಿಸಿದಾವ ಯಾರು, ಮೋಟಾರು ಕೂಡಿಸಿದಾವ ಯಾರು ಅಂತ ಕೇಳಿದರ ಇಡೀ ಬ್ಯಾಡಗಿ ನನ್ನ ಕಡೆ ಕೈ ಮಾಡತೈತಿ. ನಕಾಶೆ ಮಾಡಿದಾಕಿ ನಮ್ಮ ಹುಡುಗಿ, ಕಂಪ್ಯೂಟರಿನ್ಯಾಗ ಮಾಡ್ಯಾಳ ಅಂತ ಸ್ಟೇಶನ್ ಹತ್ತಿರದ ಚಾ ಅಂಗಡ್ಯಾಗ ನಾನೂ ಸಾಕಷ್ಟು ಹೇಳೇನಿ. ಈಗ ಆ ಮಾತ ತಿರುಗಿ ನಿನ್ನ ಕಡೆ ಬಂದೈತಿ, ಅದಕ್ಕ ಈ ಕಾಗದ.

ಹ್ವಾದ ಗುರುವಾರ ಮುಂಜಾನೆ ಎರಡನೇ ಖೋಲಿಯೊಳಗ, ಖೋಲಿ ತಣ್ಣಗ ಇಡೂ ಅಮೋನಿಯಾ ಗ್ಯಾಸು ಸೋರಿತು. ಮಶೀನ್ ನೋಡಿಕೊಳ್ಳೂ ಗುಡದಪ್ಪ, ಹಲಗೇರಿಯಾಂವ, ಓಡಿ ಬಂದು, ಯಾವ ಖೋಲಿ ಗ್ಯಾಸಿಗೆ ಯಾವ ವಾಲ್ವ್ ಮುಚ್ಚಬೇಕು ಅನ್ನೂ ಗ್ವಾಡಿಮ್ಯಾಲಿನ ಪಟ್ಟಿ ನೋಡಿದ. ನೀ ಕಳಿಸಿದ ಪಟ್ಟಿನ ಅದು, ನಾನು ಕನ್ನಡದಾಗ ಬರದು ಹಚ್ಚಿದ್ದೆ. ಎರಡನೇ ಖೋಲಿಗೆ ಎರಡನೇ ವಾಲ್ವ್ ಅಂತಿತ್ತು. ಮೂಗಿಗೆ ರುಂಬಾಲು ಕಟಗೊಂಡು ಎರಡು ಅಂತ ಬರದ ತಗಡು ಇದ್ದ ವಾಲ್ವ್ ತಿರುವಿದ. ಗ್ಯಾಸು ನಿಂದರಲಿಲ್ಲ. ಇನ್ನೂ ಬಿಗಿ ಆಗಬೇಕಂತ ತಿಳದು ಅದನ್ನ ತಿರುವಕೋಂತ ನಿಂತ. ಎಳಕೊಂಡು ಹೊರಗ ತರೂದರಾಗ ಕಣ್ಣು ಸುಟ್ಟಿದ್ದವು. ರಾಣೆಬೆನ್ನೂರ ದವಾಖಾನಿಯೊಳಗ ಎರಡೂ ಕಣ್ಣಿಗೆ ಪಟ್ಟಿ ಕಟ್ಯಾರ.

ಪಟ್ಟಿ ತಪ್ಪೈತಿ, ನಕಾಶೆ ಮಾಡಿದ ಹುಡುಗಿನ ತಪ್ಪ ಮಾಡ್ಯಾಳಂತ ಮಾಲೀಕರು ನಿಮ್ಮ ಆಫೀಸಿಗೆ ಬರೀತಾರಂತ. ನೀ ಕಾಯಂ ಆಗಾಕ ಇನ್ನೂ ಎರಡು ತಿಂಗಳು ಐತಿ, ನನಗ ಗೊತ್ತೈತಿ.

ಮಗಳ, ನಿನ್ನ ಪಟ್ಟಿ ತಪ್ಪಿಲ್ಲ. ಕಳದ ವರ್ಷ ನೀ ಬಂದಾಗ ಪಡಸಾಲಿಯೊಳಗ ಕುಂತು ಹೇಳಿದ್ದಿ, ಕಂಪ್ಯೂಟರಿನ್ಯಾಗ ಒಂದು ವಾಲ್ವಿನ ಚಿತ್ರ ಇಟ್ಟರ ಅದಕ್ಕ ನಂಬರೂ ಅಂಟಿಸಿ ಇಡತೇನಿ, ಆಮ್ಯಾಲೆ ಆ ನಂಬರುಗಳಿಂದ ಪಟ್ಟಿ ತಾನ ತಯಾರಾಗತೈತಿ, ಕೈಲೆ ಬರಿಯೂದಿಲ್ಲಂದ್ರ ತಪ್ಪಾಗೂದು ಕಡಿಮಿ ಅಂತ. ನಾನು ನಕ್ಕು, ನನ್ನ ಕುಂಚಾನೂ ಅಷ್ಟ ಮಾಡತೈತಿ ಬಿಡು ಅಂದಿದ್ದೆ. ಆ ಕುಂಚ ಏನು ಮಾಡಿತು ಕೇಳು. ಎಂಟು ವಾಲ್ವೂ ಒಂದ ಸಾಲಿನ್ಯಾಗ ಅದಾವ, ಒಂದು ತುದಿಗೆ ಮಶೀನ್, ಇನ್ನೊಂದು ತುದಿಗೆ ಬಾಗಿಲಾ. ನೀನು ಮಶೀನ್ ಕಡಿಂದ ಎಣಿಸಿದ್ದಿ, ಗ್ಯಾಸು ಅಲ್ಲಿಂದ ಹೊಂಡತೈತಲ್ಲ. ನಾನು ಮೊದಲು ಮೆಣಸಿನಕಾಯಿ ಪ್ಯಾಟ್ಯಾಗ ಹನ್ನೆರಡು ವರ್ಷ ಚೀಲಕ್ಕ ನಂಬರು ಹಾಕಿದಾವ. ಅಲ್ಲಿ ಎಣಿಕಿ ಯಾವಾಗಲೂ ಬಾಗಿಲಿಂದ ಸುರು. ನಕಾಶೆ ಸುತ್ತಿದ್ದು ಸುತ್ತಿದಂಗ ಕಪಾಟಿನ್ಯಾಗಿತ್ತು. ಬಾಗಿಲಿಂದ ಒಂದು, ಎರಡು ಅಂತ ತಗಡಿನ ಮ್ಯಾಲೆ ಕೆಂಪು ಬಣ್ಣದಾಗ ಬರದು ಬಡದೆ. ನಿನ್ನ ಎರಡು ನನ್ನ ಏಳು ಆತು. ಆವತ್ತಿನ ತನಕ ಎಂಟೂ ವಾಲ್ವ್ ತೆರದ ಇದ್ದವು, ಒಂದನ್ನೂ ಮುಚ್ಚೂ ಪ್ರಸಂಗ ಬಂದಿರಲಿಲ್ಲ. ಹಿಂಗಾಗಿ ಆರು ತಿಂಗಳು ಯಾರಿಗೂ ತಿಳೀಲಿಲ್ಲ. ಅಕ್ಷರ ಮಾತ್ರ ಮುತ್ತಿನಂಗ ಅದಾವ, ಅದನ್ನ ಯಾರೂ ಅಲ್ಲಗಳಿಯೂದಿಲ್ಲ.

ಇನ್ನ ನನ್ನ ಮಾತು. ಮಾಲೀಕರು ನಕಾಶೆ ಬಿಚ್ಚಿ ನೋಡಿಲ್ಲ, ನೋಡಿದರೂ ಅವರಿಗೆ ತಿಳಿಯೂದಿಲ್ಲ. ಕೇಳಿದರ, ಕಂಪ್ಯೂಟರಿನ್ಯಾಗ ಏನೋ ಹಿಂದ ಮುಂದ ಆಗೈತಿ ಅಂತ ಒಂದು ಮಾತು ಹೇಳಿಬಿಡು. ಕಂಪ್ಯೂಟರಿಗೆ ಯಾರು ಬೈತಾರ? ನೀ ಸಣ್ಣಾಕಿ, ಡಿಪ್ಲೊಮಾ ಆಗೈತಿ, ಇನ್ನೊಂದು ಆಫೀಸು ಸಿಗತೈತಿ. ನನಗ ಐವತ್ತೆಂಟು, ಏಳನೇತ್ತೆ ಸಾಲಿ. ಮಿಸ್ತ್ರಿ ಅನ್ನೂ ಹೆಸರೊಂದು ಹ್ವಾದರ ನನ್ನ ಕಡೆ ಏನು ಉಳಿತೈತಿ? ಸಣ್ಣಾಕಿದ್ದಾಗ ಹೆಗಲ ಮ್ಯಾಲೆ ಕುಂದ್ರಿಸಿಕೊಂಡು ಕಾಗಿನೆಲಿ ತನಕ ನಡದೇನಿ, ಅಷ್ಟಾದರೂ ನೆನಪಿರಲಿ.

ನಿಮ್ಮ ಮಾಮಿ ಸಲಾಂ ಹೇಳ್ಯಾಳ. ನಿನ್ನ ಕೈಗೆ ಬರಕತ್ ಇರಲಿ, ದಾರಿ ನೀಟ ಇರಲಿ.

ನಿನ್ನ ಮಾಮು,
ಅಬ್ದುಲಗನಿ ಮಿಸ್ತ್ರಿ

ತಾ.ಕ.: ಮ್ಯಾಲಿನದು ಮುಂಜಾನೆ ಬರದದ್ದು. ಡಬ್ಬಿಗೆ ಹಾಕೂಕಿಂತ ಮೊದಲು ರಾಣೆಬೆನ್ನೂರಿಗೆ ಹೋಗಿ ಗುಡದಪ್ಪನ್ನ ನೋಡಿ ಬಂದೆ. ಕಣ್ಣಿನ ಪಟ್ಟಿ ಬಿಚ್ಯಾರ, ಎಡಗಣ್ಣು ಪಾಡ ಐತಿ, ಬಲಗಣ್ಣಿಗೆ ಇನ್ನೂ ಎಲ್ಲಾ ಮಬ್ಬು ಮಬ್ಬು. ಬೈತಾನಂತ ತಯಾರಾಗಿ ಹೋಗಿದ್ದೆ. ಅಂವ ನನ್ನ ಕೈ ಹಿಡದು, ಮಿಸ್ತ್ರಿ, ನಾ ಎರಡನೇದನ್ನ ತಿರುವಿದ್ದೆನಲ್ಲೋ? ಗಾಬರ್ಯಾಗ ಓದಾಕ ತಪ್ಪಿದೆನೇನೋ, ನನಗ ನನ್ನ ಮ್ಯಾಲೆ ಈಗ ನಂಬಿಕಿ ಇಲ್ಲಪಾ ಅಂದ. ನೀ ಬರೋಬ್ಬರಿ ಓದೀದಿ, ನಾ ತಪ್ಪ ಬರದೇನಿ ಅಂದೆ. ಅಲ್ಲಿಂದ ಸೀದಾ ಮಾಲೀಕರ ಮನಿಗೆ ಹೋಗಿ ಅವರ ಮುಂದೂ ಅದನ್ನ ಹೇಳಿದೆ. ನಾಳಿಂದ ಕೆಲಸಕ್ಕ ಬರಬ್ಯಾಡ ಅಂದರು. ನಿನ್ನ ನಕಾಶೆ ಬಿಚ್ಚಿ ಹಿಡಕೊಂಡು ಎಂಟೂ ತಗಡು ಬದಲಿ ಮಾಡಿನ ಹೊಂಡತೇನಿ ಅಂದೆ, ಮಾಡಿ ಬಂದೆ. ಇದರ ಜೋಡಿ ಇಟ್ಟ ಇನ್ನೊಂದು ಹಾಳಿ ನಿಮ್ಮ ಸಾಹೇಬರಿಗೆ. ತಪ್ಪು ನಂದಂತ ಬರದು ಸಹಿ ಮಾಡೇನಿ, ಅವರಿಗೆ ಓದಿ ಹೇಳು. ಮ್ಯಾಲೆ ನಿನಗ ಬೇಡಿದ್ದನ್ನ ಗೀಟು ಹೊಡದು ಹಾಕಿಲ್ಲ, ಬೇಕಂತನ ಬಿಟ್ಟೇನಿ. ನಿನ್ನ ಮಾಮು ನಿನ್ನ ಕಡಿಂದ ಏನು ಮಾಡಸಾಕ ಹೊಂಟಿದ್ದ ಅನ್ನೂದು ನಿನಗ ಗೊತ್ತಿರಲಿ.